ಅಜ್ಜನ ಕಾರು ನಿಮ್ಮ ಕೈಗೆ ಬಂದಾಗ

ಚಿತ್ರದುರ್ಗ ಆಕಾಶವಾಣಿಯ ಎಲ್ಲ ಕೇಳುಗರಿಗೂ ನಮಸ್ಕಾರ. ನಾನು ದಾವಣಗೆರೆಯಲ್ಲಿ ಹಳೆ ಕಾರುಗಳ ರಿಪೇರಿ ಮಾಡುವವನು. ಹಳೆಯವು ಅಂದರೆ ಅಂಬಾಸಿಡರ್, ಫಿಯಟ್, ಸ್ಟ್ಯಾಂಡರ್ಡ್ ಹೆರಾಲ್ಡ್, ವಿಲ್ಲಿಸ್ ಜೀಪು, ಇಂಥವು. ನಮ್ಮ ಕಡೆ ಹತ್ತಿ ಮಂಡಿಯವರು, ಮಿಲ್ಲಿನವರು, ದೊಡ್ಡ ಜಮೀನಿನವರು ಇಂಥ ಗಾಡಿಗಳನ್ನು ಇಟ್ಟುಕೊಂಡಿದ್ದರು. ಈಗ ರೇಡಿಯೋ ಕೇಳುತ್ತಿರುವ ಯಾರದೋ ಹಿತ್ತಲಲ್ಲಿ, ಜಗಳೂರಲ್ಲೋ ಚಳ್ಳಕೆರೆಯಲ್ಲೋ ಹೊನ್ನಾಳಿಯಲ್ಲೋ, ಅಂಥದ್ದೊಂದು ತಾಡಪಾಲಿನ ಕೆಳಗೆ ನಿಂತಿದೆ. ಅಜ್ಜ ತೀರಿಕೊಂಡರು, ಅಪ್ಪನಿಗೆ ಆಸಕ್ತಿ ಇರಲಿಲ್ಲ, ಈಗ ಗಾಡಿ ನಿಮ್ಮ ಪಾಲಿಗೆ ಬಂದಿದೆ. ನಿಮಗೆ ಕಾರು ಓಡಿಸೋಕೆ ಬರುತ್ತೆ, ಬಾನೆಟ್ ಒಳಗಿನದು ಗೊತ್ತಿಲ್ಲ. ಇವತ್ತಿನ ಮಾತು ನಿಮಗೇ.

ಹೇಳುವುದು ಒಂದೇ ವಿಷಯ. ಗಾಡಿ ಸ್ಟಾರ್ಟ್ ಮಾಡಬೇಡಿ.

ಎಲ್ಲರೂ ಮೊದಲು ಮಾಡುವ ಕೆಲಸವೇ ಅದು. ಹೊಸ ಬ್ಯಾಟರಿ ತರುತ್ತಾರೆ, ಕ್ಯಾನಿನಲ್ಲಿ ಪೆಟ್ರೋಲ್ ತಂದು ಸುರಿಯುತ್ತಾರೆ, ಸೆಲ್ಫ್ ಹೊಡೆಯುತ್ತಾರೆ. ದಯವಿಟ್ಟು ಬೇಡ. ಗಾಡಿ ನಿಂತು ಐದು ವರ್ಷ ಆಗಿರಲಿ, ಇಪ್ಪತ್ತು ವರ್ಷ ಆಗಿರಲಿ, ಸ್ಟಾರ್ಟ್ ಮಾಡಬೇಡಿ.

ಕಾರಣ ಹೇಳುತ್ತೇನೆ. ಎಂಜಿನ್ ಓಡುವಾಗ ಪಿಸ್ಟನ್ನಿಗೂ, ಅದು ಮೇಲೆ ಕೆಳಗೆ ಓಡಾಡುವ ಕೊಳವೆಗೂ ನಡುವೆ ಎಣ್ಣೆಯ ತೆಳ್ಳನೆ ಪದರ ಇರುತ್ತದೆ. ಆ ಕೊಳವೆಗೆ ನಾವು ಬೋರ್ ಅನ್ನುತ್ತೇವೆ. ಗಾಡಿ ನಿಂತರೆ ಆ ಎಣ್ಣೆ ನಿಧಾನವಾಗಿ ಎಂಜಿನ್ ಕೆಳಗಿನ ಎಣ್ಣೆ ತಟ್ಟೆಗೆ ಇಳಿದು ಹೋಗುತ್ತದೆ. ಮೇಲೆ ಬರೀ ಒಣ ಕಬ್ಬಿಣ. ನಿಂತ ಎಂಜಿನ್ನಿನಲ್ಲಿ ಯಾವುದಾದರೂ ಒಂದು ವಾಲ್ವ್, ಅಂದರೆ ಗಾಳಿ ಒಳಬರುವ ಇಲ್ಲಾ ಹೊಗೆ ಹೊರಹೋಗುವ ಬಾಗಿಲು, ತೆರೆದೇ ಇರುತ್ತದೆ. ಅಲ್ಲಿಂದ ಮಳೆಗಾಲದ ತೇವ ಒಳಗೆ ಹೋಗುತ್ತದೆ. ಪಿಸ್ಟನ್ ಸುತ್ತಲಿನ ರಿಂಗೂ ಕಬ್ಬಿಣ, ಬೋರೂ ಕಬ್ಬಿಣ. ಎರಡೂ ತುಕ್ಕಿನಿಂದ ಕಚ್ಚಿಕೊಳ್ಳುತ್ತವೆ. ಹೊಲದ ಬಾವಿಯ ಮೋಟಾರು ಒಂದು ವರ್ಷ ನಿಂತಿದ್ದರೆ ಕೈಯಲ್ಲಿ ತಿರುಗಿಸಿ ನೋಡಿ ಆಮೇಲೆ ಸ್ವಿಚ್ ಹಾಕುತ್ತೀರಿ, ಅಲ್ವಾ? ಕಾರಿಗೂ ಅಷ್ಟೇ ತಾಳ್ಮೆ ಬೇಕು.

ಜಗಳೂರು ಕಡೆಯ ಒಂದು ಗಾಡಿಯ ಕಥೆ ಹೇಳಲೇಬೇಕು. ಮಾರ್ಕ್ ಟು ಅಂಬಾಸಿಡರ್. ಅಂಬಾಸಿಡರ್ ಮೂಲದಲ್ಲಿ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರು. ಬಂಗಾಳದ ಉತ್ತರಪಾರಾದಲ್ಲಿ ತಯಾರಾಗುತ್ತಿತ್ತು, 2014ರಲ್ಲಿ ನಿಂತುಹೋಯಿತು. 1489 ಸಿ.ಸಿ. ಪೆಟ್ರೋಲ್ ಎಂಜಿನ್. ಬಲು ಗಟ್ಟಿ ಎಂಜಿನ್, ಸರಿಯಾಗಿ ನೋಡಿಕೊಂಡರೆ ಮೊಮ್ಮಕ್ಕಳ ಕಾಲಕ್ಕೂ ಓಡುತ್ತದೆ.

ಈ ಗಾಡಿ ಅಜ್ಜ ತೀರಿಕೊಂಡಾಗಿನಿಂದ ಕೊಟ್ಟಿಗೆ ಪಕ್ಕದಲ್ಲಿ ನಿಂತಿತ್ತು. ಪ್ರತಿ ಆಯುಧ ಪೂಜೆಗೆ ತೊಳೆದು, ಕುಂಕುಮ ಹಚ್ಚಿ, ಚೆಂಡು ಹೂವಿನ ಹಾರ ಹಾಕಿ, ಕುಂಬಳಕಾಯಿ ಒಡೆಯುತ್ತಿದ್ದರು. ಬಾನೆಟ್ ಮಾತ್ರ ಯಾರೂ ಎತ್ತಿರಲಿಲ್ಲ. ಮೊಮ್ಮಗ ಬೆಂಗಳೂರಲ್ಲಿ ಕೆಲಸ ಮಾಡುವ ಹುಡುಗ. ಹಬ್ಬಕ್ಕೆ ಊರಿಗೆ ಬರುವ ಮುಂಚೆ ನನಗೆ ಫೋನ್ ಮಾಡಿ, 'ಅಂಕಲ್, ಗಾಡಿ ನನಗೇ ಬಿಟ್ಟಿದ್ದಾರೆ, ಏನು ಮಾಡಲಿ' ಅಂತ ಕೇಳಿದ. ಸ್ಟಾರ್ಟ್ ಮಾಡಬೇಡಪ್ಪ, ಹಬ್ಬ ಮುಗಿಯಲಿ, ನಾನೇ ಬರುತ್ತೇನೆ ಅಂದೆ. ಅವನು ಒಪ್ಪಿದ.

ಮನೆಯವರು ಒಪ್ಪಬೇಕಲ್ಲ! ನೆಂಟರೆಲ್ಲ ಸೇರಿದ್ದಾರೆ. ಪೂಜೆ ಆದ ಮೇಲೆ ಗಾಡಿ ನಾಲ್ಕು ಗಾಲಿ ಉರುಳಲೇಬೇಕು ಅಂತ ಹಟ. ಟ್ಯಾಂಕಿನಲ್ಲಿ ಹಳೆ ಪೆಟ್ರೋಲ್ ಇತ್ತು, ಅದರ ಮೇಲೇ ಹೊಸದು ಸುರಿದರು. ಟ್ರ್ಯಾಕ್ಟರ್ ಬ್ಯಾಟರಿಯಿಂದ ವೈರ್ ಕೊಟ್ಟು ಸೆಲ್ಫ್ ಹೊಡೆದರು. ಗಾಡಿ ಮಿಸುಕಲಿಲ್ಲ. ಮತ್ತೆ ಹೊಡೆದರು. ಸೆಲ್ಫ್ ಸುಟ್ಟ ವಾಸನೆ ಬಂತು. ಆಗ ಒಬ್ಬ ಚಿಕ್ಕಪ್ಪ, 'ಟ್ರ್ಯಾಕ್ಟರಿಗೆ ಕಟ್ಟಿ ಎಳೀರಿ, ತಾನೇ ಚಾಲೂ ಆಗ್ತೈತಿ' ಅಂದರು. ಹಗ್ಗ ಕಟ್ಟಿದರು. ಟಾಪ್ ಗೇರಿಗೆ ಹಾಕಿ, ಕ್ಲಚ್ ಬಿಟ್ಟು ಎಳೆದರು. ಹಿಂದಿನ ಗಾಲಿಗಳು ತಿರುಗದೆ ಕಣದ ಮಣ್ಣಿನ ಮೇಲೆ ಹಾಗೇ ಜಾರಿಕೊಂಡು ಹೋದವು. ಅಲ್ಲಿಗಾದರೂ ನಿಲ್ಲಿಸಬೇಕಿತ್ತು. ನಿಲ್ಲಿಸಲಿಲ್ಲ. ಕೊನೆಗೆ ಒಳಗೆ ಟಕ್ ಅಂತ ಸದ್ದಾಗಿ ಗಾಲಿ ತಿರುಗಿತು. ಎಲ್ಲರೂ ಚಪ್ಪಾಳೆ ತಟ್ಟಿದರಂತೆ.

ಗಾಡಿ ಹಾರ ಹಾಕಿಕೊಂಡೇ ಲಾರಿಯಲ್ಲಿ ನನ್ನ ಗ್ಯಾರೇಜಿಗೆ ಬಂತು. ಎಂಜಿನ್ನಿನ ಮೇಲಿನ ಮುಚ್ಚಳ, ಹೆಡ್, ಬಿಚ್ಚಿದೆ. ಎರಡನೇ ಪಿಸ್ಟನ್ನಿನ ರಿಂಗ್ ತುಂಡಾಗಿತ್ತು. ಆ ತುಂಡು ಬೋರನ್ನು ಉದ್ದಕ್ಕೂ ಗೀರಿತ್ತು. ಎರಡು ವಾಲ್ವ್ ತಮ್ಮ ತೂತಿನಲ್ಲೇ ಸಿಕ್ಕಿಕೊಂಡು, ಅವನ್ನು ತಳ್ಳುವ ಕಡ್ಡಿಗಳು, ಪುಶ್‌ರಾಡ್, ಬಗ್ಗಿ ಹೋಗಿದ್ದವು. ಒಂದು ಲೋಟ ಎಣ್ಣೆ, ಒಂದು ವಾರದ ತಾಳ್ಮೆ ಇದ್ದಿದ್ದರೆ ಬಿಟ್ಟುಕೊಳ್ಳುತ್ತಿದ್ದ ಎಂಜಿನ್ ಅದು! ಪೂರ್ತಿ ಬಿಚ್ಚಬೇಕಾಯಿತು.

ಆ ಹುಡುಗ ಮಾತ್ರ ಕೈ ಬಿಡಲಿಲ್ಲ. ರಜೆ ಸಿಕ್ಕಾಗಲೆಲ್ಲ ಬಂದು ನನ್ನ ಜೊತೆ ಕೂತು ಒಂದೊಂದೇ ಭಾಗ ತೊಳೆದ. ಡ್ಯಾಶ್‌ಬೋರ್ಡಿನ ಖಾನೆಯಲ್ಲಿ ಅವನಿಗೆ ಒಂದು ಸಣ್ಣ ನೋಟ್‌ಬುಕ್ ಸಿಕ್ಕಿತು. ಅಜ್ಜ ಎಷ್ಟು ಕಿಲೋಮೀಟರಿಗೆ ಆಯಿಲ್ ಬದಲಾಯಿಸಿದರು, ಯಾವಾಗ ಬೋರಿಂಗ್ ಮಾಡಿಸಿದರು, ಎಲ್ಲ ಬರೆದಿಟ್ಟಿದ್ದರು. '20 ಸೈಜ್ ಪಿಸ್ಟನ್' ಅಂತ ಸ್ಪಷ್ಟವಾಗಿತ್ತು. ಅಂದರೆ ಒಮ್ಮೆ ಬೋರ್ ದೊಡ್ಡದು ಮಾಡಿಸಿ ಆಗಿದೆ, ಈಗ ಮುಂದಿನ ಸೈಜಿಗೆ ಹೋಗಬೇಕು. ಅಳತೆ ತೆಗೆದು ನೋಡಿದೆ, ಅಜ್ಜ ಬರೆದದ್ದು ಸರಿಯಾಗಿತ್ತು. ಬೋರಿಂಗ್ ಕೆಲಸ ಹರಿಹರದಲ್ಲಿ ಆಯಿತು. ಕಿರ್ಲೋಸ್ಕರ್ ಕಾರ್ಖಾನೆ ಲೇತ್ ಮಾಡುತ್ತಿದ್ದ ಊರು ಅದು. ಕಬ್ಬಿಣ ಮುಟ್ಟಿದರೆ ಅಳತೆ ಹೇಳುವ ಟರ್ನರ್‌ಗಳನ್ನು ನಾನು ಅಲ್ಲಿ ನೋಡಿದ್ದೇನೆ. ಆ ಗಾಡಿ ಈಗ ಚೆನ್ನಾಗಿ ಓಡುತ್ತಿದೆ.

ಹಾಗಾದರೆ ಏನು ಮಾಡಬೇಕು? ಮೊದಲು ಗಾಡಿಯೊಳಗೆಲ್ಲ ಹುಡುಕಿ. ಖಾನೆ, ಸೀಟಿನ ಕೆಳಗೆ, ಡಿಕ್ಕಿ, ಮನೆಯ ಟ್ರಂಕು. ಆರ್.ಸಿ., ಬಿಲ್ಲು, ಕೈಯಿಂದ ಎಂಜಿನ್ ತಿರುಗಿಸುವ ಸ್ಟಾರ್ಟಿಂಗ್ ಹ್ಯಾಂಡಲ್ ಎಲ್ಲ ಒಂದು ಕಡೆ ಇಡಿ. ಬ್ಯಾಟರಿ ಬಿಚ್ಚುವ ಮುಂಚೆ ಫೋಟೋ ತೆಗೆಯಿರಿ. ಕೆಲವು ಹಳೆ ಗಾಡಿಗಳಲ್ಲಿ ಗಾಡಿಯ ತಗಡಿಗೆ ಬ್ಯಾಟರಿಯ ಪ್ಲಸ್ ತಂತಿ ಕೊಟ್ಟಿರುತ್ತಾರೆ, ಈಗಿನವುಗಳಲ್ಲಿ ಮೈನಸ್. ಇಲಿ ಕಡಿದ ವೈರ್ ಇದೆಯಾ ನೋಡಿ. ಇದ್ದೇ ಇರುತ್ತದೆ.

ಆಮೇಲೆ ಎಂಜಿನ್ನಿಗೆ ಕಿಡಿ ಕೊಡುವ ಸ್ಪಾರ್ಕ್ ಪ್ಲಗ್ ವೈರುಗಳಿಗೆ ನಂಬರ್ ಚೀಟಿ ಅಂಟಿಸಿ ನಾಲ್ಕೂ ಪ್ಲಗ್ ಬಿಚ್ಚಿ. ಡೀಸೆಲ್ ಮತ್ತು ಎಂಜಿನ್ ಆಯಿಲ್ ಸಮಸಮ ಬೆರೆಸಿ ಪ್ರತಿ ತೂತಿಗೆ ಎರಡು ಮೂರು ಚಮಚ ಹಾಕಿ. ಮೇಲೆ ಬಟ್ಟೆ ಮುಚ್ಚಿ ಬಿಡಿ. ಎರಡು ದಿನ ಬಿಟ್ಟು ಮತ್ತೆ ಸ್ವಲ್ಪ ಹಾಕಿ. ಒಂದು ವಾರ ಆದ ಮೇಲೆ, ಪ್ಲಗ್ ಇಲ್ಲದೇ, ಗೇರ್ ನ್ಯೂಟ್ರಲ್‌ನಲ್ಲಿಟ್ಟು, ಹ್ಯಾಂಡಲ್ ಹಾಕಿ ಕೈಯಿಂದ ಮೆಲ್ಲಗೆ ತಿರುಗಿಸಿ. ಹೆಬ್ಬೆರಳನ್ನು ಉಳಿದ ಬೆರಳುಗಳ ಕಡೆಗೇ ಇಟ್ಟುಕೊಳ್ಳಿ. ಹ್ಯಾಂಡಲ್ ಹಿಂದಕ್ಕೆ ಒದ್ದರೆ ಹೆಬ್ಬೆರಳು ಮುರಿಯುತ್ತದೆ. ತಿರುಗದಿದ್ದರೆ ಜೋರು ಮಾಡಬೇಡಿ. ಇನ್ನೊಂದು ವಾರ ಕಾಯಿರಿ. ತಿರುಗಿತು ಅಂತ ಖುಷಿಯಾಗಿ ಸೆಲ್ಫ್ ಹೊಡೆಯಲೂ ಬೇಡಿ. ಇನ್ನೂ ಕೆಲಸ ಇದೆ, ಸ್ಟಾರ್ಟ್ ಮಾಡಬೇಡಿ!

ಹಳೆ ಎಂಜಿನ್ ಆಯಿಲ್ ಇಳಿಸಿ ಹೊಸದು ಹಾಕಿ. ರೇಡಿಯೇಟರ್ ತೊಳೆದು ಹೋಸ್ ಪೈಪ್ ಬದಲಾಯಿಸಿ. ಟ್ಯಾಂಕ್ ಪೂರ್ತಿ ಖಾಲಿ ಮಾಡಿ. ಹಳೆ ಪೆಟ್ರೋಲ್ ಅಂಟಾಗಿ ವಾರ್ನಿಶ್ ವಾಸನೆ ಬರುತ್ತದೆ. ಅದು ಪೆಟ್ರೋಲನ್ನು ಗಾಳಿಗೆ ಬೆರೆಸುವ ಕಾರ್ಬುರೇಟರಿಗೆ ಹೋದರೆ ಅದರ ಸಣ್ಣ ತೂತು, ಜೆಟ್, ಕಟ್ಟಿಕೊಳ್ಳುತ್ತದೆ. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ನೂರಕ್ಕೆ 20 ಭಾಗದವರೆಗೆ ಎಥೆನಾಲ್ ಇರುತ್ತದೆ. ಹಳೆ ಕಾಲದ ರಬ್ಬರ್ ಅದನ್ನು ತಡೆಯುವುದಿಲ್ಲ. ಪೆಟ್ರೋಲ್ ಪೈಪು, ಪಂಪಿನೊಳಗಿನ ರಬ್ಬರ್ ಪರದೆ, ಡಯಾಫ್ರಮ್, ಎರಡನ್ನೂ ಹೊಸದು ಹಾಕಿಸಿ. ಅಂಬಾಸಿಡರ್, ಫಿಯಟ್ ಸಾಮಾನು ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಕೇಳಿ ನೋಡಿ.

ಒಬ್ಬೊಬ್ಬರು ಇದ್ಯಾವುದೂ ಮಾಡದೆ ಮೊದಲು ಟಿಂಕರಿಂಗ್, ಪೇಂಟಿಂಗ್ ಮಾಡಿಸಿಕೊಂಡು ಬರುತ್ತಾರೆ. ನನಗೆ ಬೇಜಾರಾಗುತ್ತದೆ. ಎಂಜಿನ್ ಇಳಿಸುವಾಗ ಆ ಹೊಸ ಪೇಂಟೇ ಗೀರು ಬೀಳುತ್ತದೆ. ಬಣ್ಣ ಕೊನೆಗೆ. ನಮ್ಮ ಬಯಲುಸೀಮೆಯ ಒಣ ಹವೆಯಲ್ಲಿ ಕರಾವಳಿಯಷ್ಟು ತುಕ್ಕು ಹಿಡಿಯುವುದಿಲ್ಲ. ಕಾಲಡಿಯ ಮ್ಯಾಟ್ ಎತ್ತಿ ನೋಡಿ, ತಗಡು ಗಟ್ಟಿ ಇದ್ದರೆ ಬಾಡಿ ಕಾಯುತ್ತದೆ.

ಸಮಯ ಮುಗಿಯುತ್ತಾ ಬಂತು, ಬ್ರೇಕಿನ ವಿಷಯ ಬೇಗ ಹೇಳಿಬಿಡುತ್ತೇನೆ. ಹಳೆ ಗಾಡಿಗಳಲ್ಲಿ ನಾಲ್ಕು ಗಾಲಿಗೂ ಒಂದೇ ಬ್ರೇಕ್ ಲೈನು. ಒಂದು ಕಡೆ ಸೋರಿದರೆ ನಾಲ್ಕೂ ಹೋಯಿತು. ಬ್ರೇಕಿನೊಳಗಿನ ರಬ್ಬರ್ ಕಪ್‌ಗಳು, ಹೋಸು, ಬ್ರೇಕ್ ಆಯಿಲ್ ಎಲ್ಲ ಹೊಸದಾಗಲಿ. ಟೈರು ನೋಡೋಕೆ ಚೆನ್ನಾಗಿದೆ ಅಂತ ನಂಬಬೇಡಿ, ಬಿಸಿಲಿಗೆ ಬಿರುಕು ಬಿಟ್ಟಿರುತ್ತದೆ.

ಇನ್ನು ಕಾಗದ ಪತ್ರ. ಮಾಲೀಕರು ತೀರಿಕೊಂಡರೆ 30 ದಿನದೊಳಗೆ ಆರ್.ಟಿ.ಓ.ಗೆ ತಿಳಿಸಬೇಕು. ಮೂರು ತಿಂಗಳೊಳಗೆ ಫಾರಂ 31ರಲ್ಲಿ ಹೆಸರು ಬದಲಾವಣೆಗೆ ಅರ್ಜಿ ಕೊಡಬೇಕು. ವರ್ಷಗಟ್ಟಲೆ ತಡವಾಗಿದ್ದರೂ ಹೋಗಿ ವಿಚಾರಿಸಿ. ದಾವಣಗೆರೆ ಜಿಲ್ಲೆ ಆಗಿದ್ದೇ 1997ರಲ್ಲಿ. ಹಾಗಾಗಿ ಹಳೆ ಆರ್.ಸಿ.ಯಲ್ಲಿ ಚಿತ್ರದುರ್ಗ ಅಂತ ಇದ್ದರೆ ಗಾಬರಿ ಬೇಡ. 50 ವರ್ಷ ದಾಟಿ, ಮೂಲ ರೂಪದಲ್ಲೇ ಇರುವ ಕಾರಿಗೆ 2021ರ ನಿಯಮದಲ್ಲಿ ವಿಂಟೇಜ್ ನೋಂದಣಿ ಇದೆ. ಆದರೆ ಅದನ್ನು ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ದಿನಾ ಓಡಿಸುವ ಆಸೆ ಇದ್ದರೆ ಮಾಮೂಲಿ ನೋಂದಣಿಯನ್ನೇ ನವೀಕರಿಸಿಕೊಳ್ಳಿ. ಇನ್ಶೂರೆನ್ಸ್ ಆಗುವವರೆಗೆ ರಸ್ತೆಗೆ ತರಬೇಡಿ.

ಬಿಚ್ಚಿದ ಹಳೆ ಸಾಮಾನು ಒಂದನ್ನೂ ಗುಜರಿಗೆ ಹಾಕಬೇಡಿ. ಮುರಿದ ಬುಷ್ ಆದರೂ ಸರಿ, ಹೆಸರು ಬರೆದ ಕವರಿನಲ್ಲಿ ಇಟ್ಟುಕೊಳ್ಳಿ. ಹೊಸದು ಸಿಗದಿದ್ದಾಗ ಟರ್ನರ್ ಮುಂದೆ ಇಟ್ಟು ಇಂಥದ್ದೇ ಮಾಡಿಕೊಡಿ ಅನ್ನೋಕೆ ಅದೇ ಮಾದರಿ. ನಮಸ್ಕಾರ.