ಆಗಸ್ಟ್ 1ಕ್ಕೇ ಹೊರಡಬೇಕಾ?

ಎಲ್ಲರಿಗೂ ನಮಸ್ಕಾರ. ಜುಲೈ ಕೊನೆಯ ವಾರ ಬಂತೆಂದರೆ ಮಲ್ಪೆ ಬಂದರಿನಲ್ಲಿ ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ. ಬೋಟ್ ಯಾವತ್ತು ಹೊರಡುತ್ತದೆ? ಇವತ್ತು ಅದರ ಬಗ್ಗೆಯೇ ಮಾತಾಡಬೇಕು ಅನಿಸಿತು.

ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ನಮ್ಮ ಕರಾವಳಿಯಲ್ಲಿ ಯಾಂತ್ರಿಕ ಬೋಟ್‌ಗಳು ಕಡಲಿಗೆ ಇಳಿಯುವ ಹಾಗಿಲ್ಲ. ಮೀನು ಮೊಟ್ಟೆ ಇಡುವ ಕಾಲ ಅದು. ಹೊರಗಿನವರು ಇದನ್ನು ರಜೆ ಅಂದುಕೊಳ್ಳುತ್ತಾರೆ. ರಜೆ ಎಲ್ಲಿಂದ ಬಂತು! ಮರದ ಬೋಟ್ ಆದರೆ ಹಲಗೆ ಸಂದಿಯ ಹಳೇ ಹತ್ತಿ ಕಿತ್ತು ಹೊಸದು ಬಡಿಯಬೇಕು. ಅಡಿಗೆ ಕಚ್ಚಿಕೊಂಡ ಚಿಪ್ಪು ಕೆರೆಯಬೇಕು. ಬಣ್ಣ, ಬಲೆ, ಇಂಜಿನ್, ಮುಗಿಯುವುದೇ ಇಲ್ಲ.

ಒಂದು ಸಣ್ಣ ಕೆಲಸದ ಬಗ್ಗೆ ಮಾತ್ರ ಬಿಡಿಸಿ ಹೇಳುತ್ತೇನೆ. ಇಂಜಿನ್ ಬೋಟಿನ ಒಳಗೆ, ಪ್ರೊಪೆಲ್ಲರ್ ನೀರಿನಲ್ಲಿ. ನಡುವೆ ಶಾಫ್ಟ್. ಅದು ಹೊರಗೆ ಹೋಗುವ ತೂತಿನಲ್ಲಿ ಗ್ರೀಸ್ ಹಿಡಿಸಿದ ಹಗ್ಗದಂಥ ಪ್ಯಾಕಿಂಗ್ ಸುತ್ತಿರುತ್ತಾರೆ. ಜಾಸ್ತಿ ಬಿಗಿದರೆ ಶಾಫ್ಟ್ ಕಾಯುತ್ತದೆ, ಸವೆಯುತ್ತದೆ. ಸಡಿಲ ಬಿಟ್ಟರೆ ನೀರು ನುಗ್ಗುತ್ತದೆ. ಓಡುವಾಗ ಹನಿ ಹನಿ ತೊಟ್ಟಿಕ್ಕಿದರೆ ಸರಿ. ಧಾರೆ ಆದರೆ ಸರಿಯಲ್ಲ. ದಡದಲ್ಲಿ ಇದನ್ನು ಬದಲಿಸಲು ಅರ್ಧ ದಿನ ಸಾಕು. ಆಳಸಮುದ್ರದಲ್ಲಿ, ರಾತ್ರಿ, ಗಾಳಿ ಎದ್ದಾಗ, ನೀರು ಹೊರಹಾಕುವ ಪಂಪೂ ಕೈಕೊಟ್ಟರೆ? ಯೋಚಿಸಿದರೇ ಎದೆ ಝಲ್ ಅನ್ನುತ್ತದೆ.

ಆದರೂ ಆಗಸ್ಟ್ 1ಕ್ಕೆ ಹೊರಡಲೇಬೇಕೆಂಬ ಅವಸರದಲ್ಲಿ ಇಂಥ ಕೆಲಸವೇ "ಮುಂದಿನ ಟ್ರಿಪ್ ಆದಮೇಲೆ ನೋಡೋಣ" ಆಗಿಬಿಡುತ್ತದೆ. ಅವಸರ ಯಾಕೆ ಅಂತ ನನಗೂ ಗೊತ್ತು. ಸಾಲದ ಕಂತು ಇದೆ. ಒಡಿಶಾ, ಜಾರ್ಖಂಡ್‌ನಿಂದ ಕೆಲಸದವರು ಬಂದು ಕೂತಿದ್ದಾರೆ. ಪಕ್ಕದ ಬೋಟ್ ಐಸ್ ತುಂಬಿಸುತ್ತಿದೆ. ಮಾಲೀಕರು ಹಣದಾಸೆಗೆ ಬಿದ್ದಿದ್ದಾರೆ ಅಂತ ನಾನು ಹೇಳುವುದಿಲ್ಲ.

ಆದರೆ ಆಗಸ್ಟ್ 1 ಸರ್ಕಾರ ಇಟ್ಟ ದಿನ. ಕಡಲಿಗೆ ಅದು ಗೊತ್ತಿಲ್ಲ. ಮಳೆಗಾಲದ ಗಾಳಿ ಆಗಲೂ ಜೋರಾಗಿಯೇ ಇರುತ್ತದೆ. ಅಳಿವೆ ಬಾಯಲ್ಲಿ, ಹೊಳೆ ನೀರು ಕಡಲ ಅಲೆಗೆ ಎದುರಾಗುವ ಜಾಗದಲ್ಲಿ, ಮರಳು ದಿಬ್ಬದ ಮೇಲೆ ಅಲೆ ಮುರಿದು ಬೀಳುತ್ತದೆ. ಒಳ್ಳೆ ತಾಂಡೇಲ, ಅಂದರೆ ಬೋಟ್ ನಡೆಸುವ ಮುಖ್ಯಸ್ಥ, ಅಲ್ಲಿ ಅಲೆ ಎಣಿಸುತ್ತಾ ಕಾಯುತ್ತಾನೆ. ಕಡಲಿನ ಮಾಹಿತಿ ಕೊಡುವ ಕೇಂದ್ರ ಸರ್ಕಾರದ ಸಂಸ್ಥೆ, ಹೈದರಾಬಾದಿನ ಇನ್‌ಕಾಯಿಸ್‌ನವರು ಅಲೆಯ ಎತ್ತರದ ಮುನ್ಸೂಚನೆ ಕೊಡುತ್ತಾರೆ. ಈಗ ಅದು ಫೋನಿಗೇ ಸಿಗುತ್ತದೆ.

2019ರ ಅಕ್ಟೋಬರ್‌ನಲ್ಲಿ ಕ್ಯಾರ್ ಚಂಡಮಾರುತ ಎದ್ದಾಗ ಕಾರವಾರ ಬಂದರು ನೆನಪಿದೆಯಾ? ಹೊರ ರಾಜ್ಯದ ಬೋಟ್‌ಗಳೂ ಬಂದು ಸಾಲಾಗಿ ನಿಂತಿದ್ದವು. ಆಗ ಯಾರೂ ಅವರನ್ನು ಪುಕ್ಕಲರು ಅನ್ನಲಿಲ್ಲ. ಹಾಗಿದ್ದಮೇಲೆ ಆಗಸ್ಟ್‌ನಲ್ಲಿ ನಾಲ್ಕು ದಿನ ತಡ ಮಾಡಿದವನನ್ನು ಯಾಕೆ ಅನ್ನಬೇಕು?

ನಾನು ಕೇಳುವುದು ಎರಡೇ. ಹೊರಡುವ ದಿನ ತಾಂಡೇಲನ ಮಾತೇ ಕೊನೆಯದಾಗಲಿ, ಮಾಲೀಕನದ್ದಲ್ಲ. ಸಾಲ ಕೊಡುವವರು ಮೊದಲ ಕಂತನ್ನು ಆಗಸ್ಟ್‌ನಲ್ಲಿ ಕೇಳದೆ ಸೆಪ್ಟೆಂಬರ್‌ಗೆ ಇಡಲಿ. ಕಂತಿನ ಭಯ ಇರುವ ತನಕ ತಾಂಡೇಲನ ಮಾತನ್ನು ಯಾರೂ ಕೇಳುವುದಿಲ್ಲ.

ನಮ್ಮ ಹಿರಿಯರು ಶ್ರಾವಣದ ನೂಲ ಹುಣ್ಣಿಮೆಗೆ ಸಮುದ್ರಪೂಜೆ ಮಾಡಿ, ಹಾಲು, ತೆಂಗಿನಕಾಯಿ ಅರ್ಪಿಸಿ ಆಮೇಲೆ ಹೊರಡುತ್ತಿದ್ದರು. ಕೆಲವು ವರ್ಷ ಆ ಹುಣ್ಣಿಮೆ ಬರುವಾಗ ಆಗಸ್ಟ್ ಮುಗಿಯುತ್ತಾ ಬಂದಿರುತ್ತಿತ್ತು. ಅಲ್ಲಿವರೆಗೂ ಅವರು ಕಾಯುತ್ತಿದ್ದರು.