ಗರ್ಭ ಕಳೆದುಕೊಂಡ ಮೇಲೆ ಉಸಿರು: ಪಾದದಿಂದ ಶುರು ಮಾಡೋಣ

ಎಲ್ಲರಿಗೂ ನಮಸ್ಕಾರ.

ಇಲ್ಲಿ ಕೂತಿರುವವರಲ್ಲಿ ಕೆಲವರು ಗರ್ಭ ಕಳೆದುಕೊಂಡವರು. ಕೆಲವರು ಅವರ ಜೊತೆ ಬಂದ ಗಂಡ, ಅಮ್ಮ, ಅತ್ತೆ, ಅಕ್ಕ. ಇಲ್ಲಿಗೆ ಬರುವುದೇ ಸುಲಭ ಅಲ್ಲ ಅಂತ ನನಗೆ ಗೊತ್ತು. ಮಧ್ಯದಲ್ಲಿ ಎದ್ದು ಹೊರಗೆ ಹೋಗಬೇಕು ಅನ್ನಿಸಿದರೆ ಹೋಗಿ. ಯಾರೂ ಏನೂ ಅಂದುಕೊಳ್ಳುವುದಿಲ್ಲ.

ಉಸಿರಿನ ವಿಷಯಕ್ಕೆ ಹೋಗುವ ಮೊದಲು ಒಂದು ಮಾತು ಹೇಳಿಬಿಡುತ್ತೇನೆ. ಇದು ಒಳಗೆ ಕೊರೆಯುತ್ತಿದ್ದರೆ ಎಷ್ಟು ಪ್ರಾಣಾಯಾಮ ಮಾಡಿದರೂ ಸಮಾಧಾನ ಸಿಗುವುದಿಲ್ಲ. ಸ್ಕೂಟರ್‌ನಲ್ಲಿ ಹೋಗಿದ್ದಕ್ಕೆ, ಬಿಂದಿಗೆ ಎತ್ತಿದ್ದಕ್ಕೆ, ಗ್ರಹಣದ ದಿನ ಹೊರಗೆ ಬಂದಿದ್ದಕ್ಕೆ ಹೀಗಾಯಿತು ಅಂತ ಯಾರೋ ಹೇಳಿರುತ್ತಾರೆ. ಯಾರೂ ಹೇಳದಿದ್ದರೆ ನಿಮಗೆ ನೀವೇ ಹೇಳಿಕೊಂಡಿರುತ್ತೀರಿ, ಅಲ್ವಾ? ಗೊತ್ತಾದ ಗರ್ಭಗಳಲ್ಲಿ ನೂರಕ್ಕೆ 10ರಿಂದ 20 ನಿಲ್ಲುವುದಿಲ್ಲ. ಹೆಚ್ಚಿನವು ಮೊದಲ ಮೂರು ತಿಂಗಳಲ್ಲೇ ಹೋಗುತ್ತವೆ. ಹಾಗೆ ಬೇಗ ಹೋದವುಗಳಲ್ಲಿ ಸುಮಾರು ಅರ್ಧದಷ್ಟಕ್ಕೆ ಕಾರಣ ಭ್ರೂಣದ ಕ್ರೋಮೋಸೋಮ್‌ಗಳ, ಅಂದರೆ ಜೀವಕೋಶದೊಳಗಿನ ವರ್ಣತಂತುಗಳ ಏರುಪೇರು. ನೀವು ಬಿಂದಿಗೆ ಎತ್ತುವ ಎಷ್ಟೋ ಮೊದಲೇ ಅದು ಆಗಿಹೋಗಿರುತ್ತದೆ. ಒಂದಕ್ಕಿಂತ ಹೆಚ್ಚು ಸಲ ಹೀಗಾಗಿದ್ದರೆ ಡಾಕ್ಟರ್ ಹತ್ತಿರ ಪರೀಕ್ಷೆ ಮಾಡಿಸಿ. ಆದರೆ ತಪ್ಪನ್ನು ನಿಮ್ಮ ತಲೆ ಮೇಲೆ ಹೊತ್ತುಕೊಳ್ಳಬೇಡಿ.

ಈಗ ಧ್ಯಾನದ ಮಾತು. ಯಾವ ಕ್ಲಾಸಿಗೆ ಹೋದರೂ, ಯಾವ ವಿಡಿಯೋ ಹಾಕಿದರೂ ಮೊದಲು ಕೇಳಿಸುವುದು ಇದೇ: ಕಣ್ಣು ಮುಚ್ಚಿ, ಹೊಟ್ಟೆಯ ಮೇಲೆ ಕೈ ಇಡಿ, ಹೊಟ್ಟೆ ಏರಿಳಿಯುವುದನ್ನು ಗಮನಿಸಿ. ಬೇರೆಯವರಿಗೆ ಇದು ಒಳ್ಳೆಯ ಸಲಹೆ. ನಿಮ್ಮಲ್ಲಿ ಎಷ್ಟೋ ಜನರಿಗೆ ಈಗ ಇದೇ ನೋವು ಕೊಡುತ್ತದೆ. ಕಣ್ಣು ಮುಚ್ಚಿದರೆ ಸ್ಕ್ಯಾನಿಂಗ್ ರೂಮು ಬರುತ್ತದೆ. ಹೊಟ್ಟೆಯ ಮೇಲೆ ಹಚ್ಚಿದ ತಣ್ಣನೆಯ ಜೆಲ್, ಮಾತು ನಿಲ್ಲಿಸಿದ ಡಾಕ್ಟರ್, ಆಮೇಲೆ 'ಹಾರ್ಟ್‌ಬೀಟ್ ಕಾಣಿಸ್ತಿಲ್ಲ' ಅನ್ನುವ ಮಾತು. 2020ರಲ್ಲಿ ಲಂಡನ್ನಿನ ಒಂದು ದೊಡ್ಡ ಅಧ್ಯಯನ ಪ್ರಕಟವಾಯಿತು. ಗರ್ಭ ಬೇಗ ಕಳೆದುಕೊಂಡ ಹೆಂಗಸರಲ್ಲಿ ಒಂದು ತಿಂಗಳಾದ ಮೇಲೆ ನೂರಕ್ಕೆ 29 ಜನರಲ್ಲಿ ಆಘಾತದ ಲಕ್ಷಣಗಳು ಕಂಡುಬಂದವು. ಒಂಬತ್ತು ತಿಂಗಳಾದರೂ ನೂರಕ್ಕೆ 18 ಜನರಲ್ಲಿ ಅವು ಇದ್ದವು. ಅಂದರೆ 'ಧ್ಯಾನಕ್ಕೆ ಕೂತರೆ ಇನ್ನೂ ಜಾಸ್ತಿ ಆಗುತ್ತೆ' ಅಂತ ನೀವು ಹೇಳಿದರೆ ಅದು ನಿಮ್ಮ ದೌರ್ಬಲ್ಯ ಅಲ್ಲ. ಹೇಳಿಕೊಡುವ ರೀತಿ ಬದಲಾಗಬೇಕು.

ಹಾಗಾಗಿ ಪಾದದಿಂದ ಶುರು ಮಾಡೋಣ. ಬೇಕಾದರೆ ನನ್ನ ಜೊತೆ ಈಗಲೇ ಮಾಡಿ.

ಚಪ್ಪಲಿ ಬಿಚ್ಚಿ ಪಾದ ಎರಡನ್ನೂ ನೆಲಕ್ಕೆ ಊರಿ. ಕಣ್ಣು ತೆರೆದೇ ಇರಲಿ. ಎದುರಿಗಿರುವ ಯಾವುದಾದರೂ ಒಂದು ವಸ್ತುವಿನ ಮೇಲೆ ನೋಟ ಇಡಿ. ನೆಲ ತಣ್ಣಗಿದೆಯಾ, ಹಿಮ್ಮಡಿಗೆ ಭಾರ ಜಾಸ್ತಿಯಾ, ಬೆರಳುಗಳಿಗೆ ಜಾಸ್ತಿಯಾ? ಅಷ್ಟೇ ನೋಡಿ. ಮನೆಯಲ್ಲಾದರೆ ಬಿಸಿನೀರಿನ ಸ್ಟೀಲ್ ಲೋಟ ಎರಡೂ ಕೈಯಲ್ಲಿ ಹಿಡಿದುಕೊಳ್ಳಬಹುದು. ಆ ಬಿಸಿ ಅಂಗೈಗೆ ಇಳಿಯುವುದನ್ನು ಗಮನಿಸುವುದೂ ಧ್ಯಾನವೇ. ಹೊಟ್ಟೆಯ ಕಡೆ ಗಮನ ಹೋಗಲೇಬೇಕಾಗಿಲ್ಲ. ಅದು ವಾರಗಳಾದ ಮೇಲೆ ತಾನಾಗಿ ಆದರೆ ಆಗಲಿ.

ಈಗ ಮೂಗಿನಿಂದ ಮೂರು ಎಣಿಸುವಷ್ಟು ಉಸಿರು ಒಳಗೆ. ಐದು ಎಣಿಸುವಷ್ಟು ನಿಧಾನವಾಗಿ ಹೊರಗೆ. ಮಧ್ಯೆ ಉಸಿರು ಕಟ್ಟಬೇಡಿ. ಗಾಬರಿಯಲ್ಲಿರುವವರಿಗೆ ಉಸಿರು ಕಟ್ಟಿದರೆ ಗಾಬರಿ ಹೆಚ್ಚಾಗಬಹುದು. ಐದು ಕಷ್ಟವಾದರೆ ನಾಲ್ಕು ಸಾಕು. ಹೊರಗೆ ಬಿಡುವುದು ಒಳಗೆ ಎಳೆಯುವುದಕ್ಕಿಂತ ಉದ್ದ ಇರಬೇಕು, ಅಷ್ಟೇ. ಉಸಿರು ಬಿಡುವಾಗ ವೇಗಸ್ ಎಂಬ ನರದ ಮೂಲಕ ಹೃದಯದ ಬಡಿತ ಸ್ವಲ್ಪ ತಗ್ಗುತ್ತದೆ. ಬಿಡುವ ಹೊತ್ತನ್ನು ಉದ್ದ ಮಾಡಿದರೆ ಆ ತಗ್ಗುವ ಹೊತ್ತೂ ಉದ್ದವಾಗುತ್ತದೆ. ಸಾಮಾನ್ಯವಾಗಿ ನಿಮಿಷಕ್ಕೆ 12ರಿಂದ 20 ಸಲ ಉಸಿರಾಡುತ್ತೇವೆ. ಹೀಗೆ ಮಾಡಿದಾಗ ಅದು ಏಳೆಂಟಕ್ಕೆ ಇಳಿಯುತ್ತದೆ. ಎರಡು ಮೂರು ನಿಮಿಷ ಸಾಕು. ಅಳು ಬಂದರೆ ಅಳಿ. ಅಳು ಬಂತು ಅಂದರೆ ಅಭ್ಯಾಸ ಕೆಟ್ಟಿತು ಅಂತಲ್ಲ.

ರಾತ್ರಿ ಮೂರು ಗಂಟೆಗೆ ಎಚ್ಚರವಾಗಿ ಸೂರು ನೋಡುತ್ತಾ ಮಲಗಿರುವವರಿಗೆ ಭ್ರಾಮರಿ ಒಳ್ಳೆಯದು. ಪಕ್ಕಕ್ಕೆ ತಿರುಗಿ ಮಲಗಿ, ತುಟಿ ಮುಚ್ಚಿ, ಉಸಿರು ಬಿಡುವಾಗ ಮೆಲ್ಲಗೆ 'ಹ್ಮ್' ಅನ್ನಿ. ಪಕ್ಕದವರಿಗೂ ಕೇಳಿಸದಷ್ಟು ಮೆಲ್ಲಗೆ ಸಾಕು. ಹೊಟ್ಟೆ ಒಳಗೆಳೆದು ಜೋರಾಗಿ ಉಸಿರು ಬಿಡುವ ಕಪಾಲಭಾತಿ, ರಭಸದಿಂದ ಉಸಿರಾಡುವ ಭಸ್ತ್ರಿಕಾ, ಸ್ನಾಯು ಬಿಗಿಹಿಡಿಯುವ ಬಂಧಗಳು ಮಾತ್ರ ಈಗ ಬೇಡ. ಬ್ಲೀಡಿಂಗ್ ನಿಂತು, ಡಿ ಅಂಡ್ ಸಿ, ಅಂದರೆ ಗರ್ಭಕೋಶ ಕ್ಲೀನ್ ಮಾಡುವ ಚಿಕಿತ್ಸೆ ಆಗಿದ್ದರೆ ಡಾಕ್ಟರ್ ಸರಿ ಅಂದಮೇಲೆ ನೋಡೋಣ. ಗಂಟೆಗೆ ಎರಡು ಪ್ಯಾಡ್ ತೊಯ್ದು ಅದು ಎರಡು ಗಂಟೆ ಮುಂದುವರಿದರೆ, ಜ್ವರ ಬಂದರೆ, ಕೆಟ್ಟ ವಾಸನೆಯ ಸ್ರಾವ ಇದ್ದರೆ ಉಸಿರಾಟ ಮಾಡುತ್ತಾ ಕೂರಬೇಡಿ, ತಕ್ಷಣ ಆಸ್ಪತ್ರೆಗೆ ಹೋಗಿ. ಇನ್ನೊಂದು ವಿಷಯ ಹೇಳುವವರು ಕಡಿಮೆ. ನಾಲ್ಕೈದು ತಿಂಗಳಾದ ಮೇಲೆ ಗರ್ಭ ಹೋದರೆ ಎದೆ ಬಿಗಿದು ಹಾಲು ಬರಬಹುದು. ಮಗುವಿಲ್ಲದೆ ಹಾಲು ಬಂದ ಆ ದಿನ ತುಂಬಾ ಕಷ್ಟದ ದಿನ. ಮನೆಯವರು ಇದನ್ನು ತಿಳಿದಿರಬೇಕು.

ಇನ್ನು, ತುಂಬಾ ಹೆಂಗಸರು ಬಾಯಿಬಿಟ್ಟು ಹೇಳದ ಒಂದು ಭಯ ಇದೆ. ನಾನು ಸಮಾಧಾನವಾದರೆ ಮಗುವನ್ನು ಮರೆತ ಹಾಗೆ ಆಗುವುದಿಲ್ಲವಾ? ಬೇರೆ ಯಾರೂ ನೋಡದ ಆ ಮಗುವಿಗೆ ನನ್ನ ದುಃಖ ಒಂದೇ ಗುರುತು, ಅದೂ ಹೋದರೆ? ಅದಕ್ಕೇ ಉಸಿರು ತಿಳಿಯಾಗುತ್ತಿದ್ದ ಹಾಗೆ ಕೆಲವರು ಬೆಚ್ಚಿ ನಿಲ್ಲಿಸಿಬಿಡುತ್ತಾರೆ. ಅಮ್ಮಾ, ಮರೆಯುವುದಕ್ಕೆ ಅಂತ ನಾನು ಇದನ್ನು ಹೇಳಿಕೊಡುತ್ತಿಲ್ಲ. ತಾಯಿ ಕಾರ್ಡ್ ಬೀರುವಿನಲ್ಲಿ ಇಟ್ಟುಕೊಳ್ಳಬೇಕು ಅನ್ನಿಸಿದರೆ ಇಟ್ಟುಕೊಳ್ಳಿ. ಮನಸ್ಸಿನಲ್ಲಿ ಒಂದು ಹೆಸರು ಇಟ್ಟಿದ್ದರೆ ಆ ಹೆಸರು ಹೇಳಿಕೊಳ್ಳಿ. ಉಸಿರು ಮಾಡುವುದು ಇಷ್ಟೇ: ನೆನಪು ಬಂದಾಗ ಎದೆ ಹಿಡಿದ ಹಾಗಾಗದೆ ಆ ನೆನಪಿನ ಜೊತೆ ಸ್ವಲ್ಪ ಹೊತ್ತು ಕೂರುವ ಶಕ್ತಿ ಕೊಡುತ್ತದೆ. ಡಾಕ್ಟರ್ ಬರೆದುಕೊಟ್ಟಿದ್ದ ಹೆರಿಗೆ ದಿನ ಬರುತ್ತದೆ, ಪಕ್ಕದ ಮನೆಯ ಸೀಮಂತಕ್ಕೆ ಕರೆಯುತ್ತಾರೆ. ಆ ದಿನಗಳಲ್ಲಿ ಇದು ಬೇಕಾಗುತ್ತದೆ. ಸೀಮಂತಕ್ಕೆ ಹೋಗದಿದ್ದರೂ ತಪ್ಪಿಲ್ಲ.

ಮನೆಯವರಿಗೆ ಒಂದು ಕೇಳಿಕೆ. 'ಮುಂದಿನ ಸಲ ಆಗುತ್ತೆ ಬಿಡು' ಅನ್ನಬೇಡಿ. ಸುಮ್ನೆ ಪಕ್ಕದಲ್ಲಿ ಕೂತು ಅವಳ ಜೊತೆ ಉಸಿರಾಡಿ. ಗಂಡಂದಿರೇ, ಆಸ್ಪತ್ರೆ ಬಿಲ್ಲು, ಓಡಾಟ ಎಲ್ಲ ಮುಗಿದ ಮೇಲೆ ನಿಮಗೂ ದುಃಖ ಹತ್ತುತ್ತದೆ. ನೀವೂ ಇದನ್ನು ಮಾಡಿ. ಕೆಲಸಕ್ಕೆ ಹೋಗುವ ಹೆಂಗಸರಿಗೆ ಹೆರಿಗೆ ಸೌಲಭ್ಯದ ಕಾಯ್ದೆಯಲ್ಲಿ ಗರ್ಭಪಾತವಾದರೆ ಆರು ವಾರಗಳ ಸಂಬಳ ಸಹಿತ ರಜೆ ಇದೆ. ಆ ಕಾಯ್ದೆ ಅನ್ವಯಿಸುವ ಕಡೆ ಕೆಲಸ ಮಾಡುತ್ತಿದ್ದರೆ ಸಂಕೋಚ ಬಿಟ್ಟು ಕೇಳಿ.

ಉಸಿರಾಟ ಎಲ್ಲದಕ್ಕೂ ಮದ್ದಲ್ಲ. ಎರಡು ವಾರ ಕಳೆದರೂ ಊಟ ನಿದ್ದೆ ಸೇರದಿದ್ದರೆ ಸಹಾಯ ಕೇಳಿ. ಬದುಕುವುದೇ ಬೇಡ ಅನ್ನಿಸಿದರೆ ಒಂದು ದಿನವೂ ಕಾಯಬೇಡಿ. ಟೆಲಿ ಮಾನಸ್ ಸಹಾಯವಾಣಿ 14416, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು.

ಇನ್ನೊಮ್ಮೆ ಎಲ್ಲರೂ ಒಟ್ಟಿಗೆ ಪಾದ ಊರಿ ಉಸಿರಾಡೋಣ. ಆಮೇಲೆ ಪ್ರಶ್ನೆಗಳು. ಎದ್ದು ನಿಂತು ಕೇಳುವುದು ಕಷ್ಟವಾದರೆ ಚೀಟಿಯಲ್ಲಿ ಬರೆದು ಕೊಡಿ, ಹೆಸರು ಹಾಕುವುದು ಬೇಡ.