ಬನ್ಯಾ ಮರ: ಕಾಯಿ ಬಿಟ್ಟ ವರ್ಷ ಊರೂರೇ ಸೇರುತ್ತಿತ್ತು

ಕೇಳುಗರೆಲ್ಲರಿಗೂ ನಮಸ್ಕಾರ.

ಆಸ್ಟ್ರೇಲಿಯಾದ ಕ್ವೀನ್ಸ್‌ಲೆಂಡಿನಲ್ಲಿ ಡಿಸೆಂಬರ್ ಬಂತೆಂದರೆ ಬೇಸಿಗೆ. ಆ ಹೊತ್ತಿಗೆ ಇಲ್ಲಿನ ಕೆಲವು ಪಾರ್ಕುಗಳಲ್ಲಿ ದೊಡ್ಡ ಮರಗಳ ಸುತ್ತ ಎಚ್ಚರಿಕೆಯ ಬೋರ್ಡು ನೆಡುತ್ತಾರೆ. ಮರದ ಕೆಳಗೆ ನಿಲ್ಲಬೇಡಿ, ಕಾಯಿ ಬೀಳುತ್ತದೆ ಅಂತ. ಕಾಯಿ ಬಿದ್ದರೆ ಏನಾಗುತ್ತೆ ಅಂತ ಹೊಸಬರಿಗೆ ಅನ್ನಿಸಬಹುದು. ಈ ಮರ 30ರಿಂದ 45 ಮೀಟರ್ ಎತ್ತರ ಬೆಳೆಯುತ್ತದೆ. ಒಂದು ಕಾಯಿ 10 ಕಿಲೋದವರೆಗೂ ತೂಗಬಹುದು. ಅಷ್ಟು ಎತ್ತರದಿಂದ ಅಷ್ಟು ಭಾರ ಬಿದ್ದರೆ ಕಾರಿನ ಛಾವಣಿಯೇ ಉಳಿಯುವುದಿಲ್ಲ.

ಅದೇ ಬನ್ಯಾ ಮರ. ಇವತ್ತು ನಾನು ನಿಮಗೆ ಹೇಳಬೇಕೆಂದಿರುವುದು ಈ ಮರದ ಕಥೆ. ಆಸ್ಟ್ರೇಲಿಯಾದ ಮಳೆಕಾಡಿನ ಮರಗಳಲ್ಲಿ ನನಗೆ ಇದರಷ್ಟು ಪ್ರೀತಿಯ ಮರ ಇನ್ನೊಂದಿಲ್ಲ.

ಇದರ ತವರು ಕ್ವೀನ್ಸ್‌ಲೆಂಡಿನ ಆಗ್ನೇಯ ಮೂಲೆ. ಬ್ರಿಸ್ಬೇನಿನಿಂದ ವಾಯುವ್ಯಕ್ಕೆ ಸುಮಾರು 200 ಕಿಲೋಮೀಟರ್ ಹೋದರೆ ಬನ್ಯಾ ಬೆಟ್ಟಗಳು ಸಿಗುತ್ತವೆ. ಸಮುದ್ರಮಟ್ಟದಿಂದ ಸಾವಿರ ಮೀಟರಿಗೂ ಮೇಲೆ, ಮಂಜು ಮುಸುಕುವ ಜಾಗ. ಜಗತ್ತಿನಲ್ಲಿ ಬನ್ಯಾ ಮರ ಅತಿ ಹೆಚ್ಚು ಒಟ್ಟಿಗೆ ನಿಂತಿರುವುದು ಅಲ್ಲೇ. ಕರಾವಳಿಯ ಕಡೆಗೆ ಬ್ಲ್ಯಾಕಾಲ್ ಬೆಟ್ಟಸಾಲಿನಲ್ಲೂ ಇವೆ. ಇನ್ನೊಂದು ಸಣ್ಣ ಗುಂಪು ಸಾವಿರ ಕಿಲೋಮೀಟರಿಗೂ ಹೆಚ್ಚು ಉತ್ತರದಲ್ಲಿ, ಕೇರ್ನ್ಸ್ ಪಟ್ಟಣದ ಸುತ್ತಿನ ಮಳೆಕಾಡಿನಲ್ಲಿ ಒಂಟಿಯಾಗಿ ಉಳಿದುಕೊಂಡಿದೆ. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟದವರು ದಿನಾ ನೋಡುವ ಸಿಲ್ವರ್ ಮರದ ಮೂಲವೂ ಇದೇ ಆಗ್ನೇಯ ಕ್ವೀನ್ಸ್‌ಲೆಂಡಿನ ಸೀಮೆ. ಬ್ರಿಟಿಷರ ಕಾಲದಲ್ಲಿ ಅದು ನಮ್ಮ ತೋಟಕ್ಕೆ ನೆರಳಿನ ಮರವಾಗಿ ಬಂದು ನೆಲೆ ನಿಂತಿತು. ಬನ್ಯಾ ಹಾಗೆ ಬರಲಿಲ್ಲ.

ದೂರದಿಂದ ನೋಡಿದರೇ ಈ ಮರದ ಗುರುತು ಸಿಗುತ್ತದೆ. ಕಾಡಿನ ತಲೆಯ ಮೇಲೆ ಗುಮ್ಮಟದ ಹಾಗೆ ದುಂಡಗೆ ಎದ್ದಿರುತ್ತದೆ. ಕಾಂಡ ನೇರ, ತೊಗಟೆ ಕಪ್ಪು, ದಪ್ಪ. ಎಲೆ ಚಿಕ್ಕದು, ಗಟ್ಟಿ, ತುದಿ ಮುಳ್ಳು. ಬರಿಗಾಲಲ್ಲಿ ಇದರ ಕೆಳಗೆ ಓಡಾಡಲು ಆಗುವುದಿಲ್ಲ. ವಿಜ್ಞಾನಿಗಳು ಇಟ್ಟ ಹೆಸರು ಅರೌಕೇರಿಯಾ ಬಿಡ್ವಿಲ್ಲಿ. ಜಾನ್ ಕಾರ್ನ್ ಬಿಡ್ವಿಲ್ ಎಂಬ ಸಸ್ಯಪ್ರೇಮಿ ಇದರ ಮಾದರಿಗಳನ್ನು ಲಂಡನ್ನಿನ ಕ್ಯೂ ಎಂಬ ಸಸ್ಯೋದ್ಯಾನಕ್ಕೆ ತಲುಪಿಸಿದರು. 1843ರಲ್ಲಿ ಅಲ್ಲಿನ ಸಸ್ಯವಿಜ್ಞಾನಿ ವಿಲಿಯಂ ಹುಕರ್, ಬಿಡ್ವಿಲ್‌ರ ಹೆಸರನ್ನೇ ಮರಕ್ಕೆ ಇಟ್ಟರು. ಇದರ ಹತ್ತಿರದ ನೆಂಟರೆಲ್ಲ ಈಗ ಕಲ್ಲಾಗಿ ಹೋಗಿದ್ದಾರೆ. ಜುರಾಸಿಕ್ ಕಾಲದ ಬಂಡೆಗಳಲ್ಲಿ, ದಕ್ಷಿಣ ಅಮೆರಿಕದ ಪಟಗೋನಿಯಾದಲ್ಲಿ ಅವುಗಳ ಪಳೆಯುಳಿಕೆ ಸಿಕ್ಕಿದೆ. ಆ ಕವಲಿನಲ್ಲಿ ಇವತ್ತು ಜೀವಂತ ಇರುವುದು ಬನ್ಯಾ ಒಂದೇ.

ಸರಿ, ಕಾಯಿಗೆ ಬರೋಣ. ನಮ್ಮ ಕಡೆಯವರಿಗೆ ಬೇಗ ಅರ್ಥವಾಗಬೇಕೆಂದರೆ ಹಲಸನ್ನು ನೆನೆಸಿಕೊಳ್ಳಿ. ಹೊರಗೆ ಹಸಿರು, ಮೈಯೆಲ್ಲ ಮೊನಚು. ಬಿಡಿಸಿದರೆ ಒಳಗೆ 50ರಿಂದ 100 ಬೀಜ, ಒಂದೊಂದೂ ತನ್ನ ಹೊದಿಕೆಯೊಳಗೆ. ಬೇಯಿಸಿದ ತಿರುಳು ಹಲಸಿನ ಬೀಜದಷ್ಟೇ ಹಿಟ್ಟುಹಿಟ್ಟು, ಸ್ವಲ್ಪ ಸಿಹಿ, ಕೊನೆಗೆ ಒಂದು ಕಾಡಿನ ವಾಸನೆ. ಹಲಸಿನ ಹಣ್ಣಿನ ತೊಳೆ ಮಾತ್ರ ಇದರಲ್ಲಿ ಇಲ್ಲ. ಎಲ್ಲ ರುಚಿಯೂ ಬೀಜದಲ್ಲೇ.

ಮರ ಪ್ರತಿ ವರ್ಷ ಅಷ್ಟಿಷ್ಟು ಕಾಯಿ ಬಿಡುತ್ತದೆ. ಆದರೆ ಸುಮಾರು ಮೂರು ವರ್ಷಕ್ಕೊಮ್ಮೆ ಬೆಟ್ಟದ ತುಂಬಾ ಭರ್ತಿ ಫಸಲು ಬರುತ್ತದೆ. ಆ ವರ್ಷಕ್ಕಾಗಿಯೇ ಇಲ್ಲಿನ ಮೂಲನಿವಾಸಿಗಳು ಕಾಯುತ್ತಿದ್ದರು. ವಕ್ಕ ವಕ್ಕ, ಜಾರೊವೈರ್, ಕಬಿ ಕಬಿ, ಜಿನಿಬಾರ, ಬರುಂಗಮ್, ಹೀಗೆ ಈ ಬೆಟ್ಟಗಳ ಸುತ್ತ ಬಾಳಿದ ಹಲವು ಜನಾಂಗಗಳಿವೆ. ಮರಗಳಿಗೆ ಒಡೆಯರಿದ್ದರು. ಈ ಮರ ಈ ಮನೆತನದ್ದು, ಆ ಮರ ಆ ಮನೆತನದ್ದು. ಅಪ್ಪನಿಂದ ಮಗನಿಗೆ ಬರುವ ಹಕ್ಕು ಅದು. ಬೇರೆಯವರು ಕೇಳದೆ ಹತ್ತುವ ಹಾಗಿಲ್ಲ.

ನನ್ನ ಮನಸ್ಸನ್ನು ಹಿಡಿದದ್ದು ಇಲ್ಲೇ. ಒಡೆತನ ಇಷ್ಟು ಗಟ್ಟಿ ಇದ್ದ ಮರದ ಕಾಯಿ ಒಬ್ಬರ ಪಾಲಾಗಲಿಲ್ಲ. ಫಸಲು ತುಂಬಿದ ವರ್ಷ ಒಡೆಯರು ದೂತರನ್ನು ಕಳಿಸಿ ದೂರದ ಜನರನ್ನೆಲ್ಲ ಕರೆಯುತ್ತಿದ್ದರು. ನೂರಾರು ಕಿಲೋಮೀಟರ್ ಆಚೆಯಿಂದ ಜನ ನಡೆದು ಬರುತ್ತಿದ್ದರು. ಬೇರೆ ಬೇರೆ ಭಾಷೆಯವರು. ಅವರಲ್ಲಿ ಕೆಲವರಿಗೆ ಪರಸ್ಪರ ಹಳೆಯ ಜಗಳ ಬೇರೆ. ದಾರಿಯಲ್ಲಿ ಇನ್ನೊಬ್ಬರ ನೆಲ ದಾಟಬೇಕಲ್ವಾ, ಕೂಟಕ್ಕೆ ಹೊರಟವರಿಗೆ ದಾರಿ ಬಿಡುತ್ತಿದ್ದರು. ವಾರಗಟ್ಟಲೆ, ಕೆಲವು ಸಲ ತಿಂಗಳುಗಟ್ಟಲೆ ಒಟ್ಟಿಗೆ ಇರುತ್ತಿದ್ದರು. ಮದುವೆ ಮಾತುಕತೆ ಅಲ್ಲೇ. ವ್ಯಾಜ್ಯ ತೀರ್ಮಾನವೂ ಅಲ್ಲೇ. ವಸ್ತು ಕೊಟ್ಟು ವಸ್ತು ತಗೊಳ್ಳುವುದು, ಹೊಸ ಹಾಡು ಕಲಿಸುವುದು, ಕುಣಿಯುವುದು, ಹುಡುಗರಿಗೆ ದೀಕ್ಷೆ ಕೊಡುವುದು, ಎಲ್ಲವೂ ಅಲ್ಲೇ.

ಹತ್ತುವವರು ಕಾಡುಬಳ್ಳಿಯನ್ನು ಕಾಂಡಕ್ಕೂ ತಮ್ಮ ಮೈಗೂ ಸುತ್ತಿಕೊಂಡು ಹಂತ ಹಂತವಾಗಿ ಮೇಲೇರುತ್ತಿದ್ದರು. ಮುಳ್ಳೆಲೆಯ ನಡುವೆ ಕೈ ಹಾಕಿ ಕಾಯಿ ಕೆಡವುತ್ತಿದ್ದರು. ಎಳೆ ಬೀಜವನ್ನು ಹಸಿಯಾಗಿಯೇ ತಿನ್ನುತ್ತಿದ್ದರು. ಬಲಿತದ್ದನ್ನು ಕೆಂಡದಲ್ಲಿ ಸುಡುತ್ತಿದ್ದರು. ಕುಟ್ಟಿ ಹಿಟ್ಟು ಮಾಡಿ ರೊಟ್ಟಿ ಬೇಯಿಸುತ್ತಿದ್ದರು. ಉಳಿದದ್ದನ್ನು ಚೀಲದಲ್ಲಿ ತುಂಬಿ ಕೆಸರಿನಲ್ಲಿ ಹೂಳುತ್ತಿದ್ದರು. ತಿಂಗಳುಗಳ ನಂತರ ತೆಗೆದರೆ ಹುಳಿ ಬಂದು ಜೋರು ನಾತ ಹೊಡೆಯುತ್ತಿತ್ತಂತೆ. ಹೊಸಬರು ಮೂಗು ಮುಚ್ಚುತ್ತಿದ್ದರು, ಊರಿನವರು ಚಪ್ಪರಿಸುತ್ತಿದ್ದರು. ಟಾಮ್ ಪೆಟ್ರಿ ಎಂಬ ಬಿಳಿಯರ ಹುಡುಗ 1840ರ ದಶಕದಲ್ಲಿ ಇಂಥ ಒಂದು ಕೂಟಕ್ಕೆ ಅವರ ಜೊತೆಯಲ್ಲೇ ನಡೆದು ಹೋಗಿದ್ದ. ಅವರ ಮಾತು ಅವನಿಗೆ ಬರುತ್ತಿತ್ತು. ದೊಡ್ಡವನಾದ ಮೇಲೆ ಅವನು ಹೇಳಿದ್ದನ್ನು ಮಗಳು ಬರೆದಿಟ್ಟಳು. ಈ ವಿವರಗಳಲ್ಲಿ ಹಲವು ನಮಗೆ ತಲುಪಿರುವುದು ಹಾಗೆ.

ಅದೇ ಟಾಮ್‌ನ ತಂದೆ ಆಂಡ್ರ್ಯೂ ಪೆಟ್ರಿ 1838ರಲ್ಲಿ ಈ ಮರವನ್ನು ನೋಡಿದ್ದರು. ಇದು ಸ್ಥಳೀಯರಿಗೆ ಎಷ್ಟು ಮುಖ್ಯ ಎಂಬ ಮಾತು ಆಗ ಈ ಸೀಮೆಯ ಆಡಳಿತ ನಡೆಯುತ್ತಿದ್ದ ಸಿಡ್ನಿಯವರೆಗೂ ಹೋಯಿತು. 1842ರ ಏಪ್ರಿಲ್‌ನಲ್ಲಿ ಗವರ್ನರ್ ಜಾರ್ಜ್ ಗಿಪ್ಸ್ ಒಂದು ಆಜ್ಞೆ ಹೊರಡಿಸಿದರು. ಬನ್ಯಾ ಬೆಳೆಯುವ ನೆಲದಲ್ಲಿ ದನ ಕುರಿ ಮೇಯಿಸಲು ಯಾರಿಗೂ ಪರವಾನಗಿ ಇಲ್ಲ, ಮರ ಕಡಿಯಲೂ ಇಲ್ಲ. ವಸಾಹತಿನ ಆ ಕಾಲದಲ್ಲಿ ಒಂದು ಮರದ ಕಾಯಿಗಾಗಿ, ಅದನ್ನು ತಿನ್ನುವ ಜನರಿಗಾಗಿ ನೆಲವನ್ನು ಕಾದಿಟ್ಟದ್ದು ನಿಜಕ್ಕೂ ದೊಡ್ಡ ಮಾತು.

ಅದೇ 1842ರಲ್ಲಿ, ಅದೇ ಸೀಮೆಯ ಕಿಲ್ಕಾಯ್ ಎಂಬ, ಬಿಳಿಯರು ಕುರಿ ಸಾಕುತ್ತಿದ್ದ ದೊಡ್ಡ ಜಮೀನಿನಲ್ಲಿ ಹಿಟ್ಟಿಗೆ ವಿಷ ಬೆರೆಸಿ ಮೂಲನಿವಾಸಿಗಳ ಕೈಗೆ ಸಿಗುವಂತೆ ಮಾಡಲಾಯಿತು. ಹತ್ತಾರು ಜನ ಸತ್ತರು. ಸುದ್ದಿ ಬನ್ಯಾ ಕೂಟಗಳಲ್ಲಿ ಬಾಯಿಂದ ಬಾಯಿಗೆ ಹರಡಿತು. ಊಟಕ್ಕೆ ಕರೆದು ನೆಂಟಸ್ತನ ಬೆಳೆಸುವುದು ಇವರ ಪದ್ಧತಿ. ಅಂಥ ಜನಕ್ಕೆ ಊಟದಲ್ಲೇ ವಿಷ. ಇದನ್ನು ಹೇಳದೆ ಈ ಮರದ ಕಥೆ ಹೇಳುವುದು ತಪ್ಪಾಗುತ್ತದೆ.

ಗಿಪ್ಸರ ಆಜ್ಞೆ ಹದಿನೆಂಟು ವರ್ಷ ನಿಂತಿತು. 1859ರಲ್ಲಿ ಕ್ವೀನ್ಸ್‌ಲೆಂಡ್ ಬೇರೆ ವಸಾಹತಾಯಿತು. 1860ರಲ್ಲಿ ಹೊಸ ಸರ್ಕಾರ ಆಜ್ಞೆಯನ್ನು ತೆಗೆದುಹಾಕಿತು. ಗರಗಸ ಬೆಟ್ಟ ಹತ್ತಿತು. ಮೊದಲು ಕೆಂಪು ಸೀಡರ್ ಮರ ಹೋಯಿತು, ಆಮೇಲೆ ಬನ್ಯಾ ಮತ್ತು ಅದರ ದಾಯಾದಿ ಹೂಪ್ ಪೈನ್. ಜನರನ್ನು ಅವರ ನೆಲದಿಂದ ಎಬ್ಬಿಸಿ ದೂರದ ಶಿಬಿರಗಳಿಗೆ ಸಾಗಿಸಿದರು. ಹತ್ತೊಂಬತ್ತನೆಯ ಶತಮಾನ ಮುಗಿಯುವ ಹೊತ್ತಿಗೆ ದೊಡ್ಡ ಕೂಟಗಳು ನಿಂತುಹೋದವು. 1908ರಲ್ಲಿ ಬನ್ಯಾ ಬೆಟ್ಟಗಳನ್ನು ರಾಷ್ಟ್ರೀಯ ಉದ್ಯಾನ ಮಾಡಿದರು. ಅದು ಕ್ವೀನ್ಸ್‌ಲೆಂಡಿನ ಎರಡನೆಯ ರಾಷ್ಟ್ರೀಯ ಉದ್ಯಾನ. ಮರ ಉಳಿಯಿತು. ಕರೆಯುವವರು, ಬರುವವರು ಮಾತ್ರ ಅಲ್ಲಿರಲಿಲ್ಲ. ಬ್ಲ್ಯಾಕಾಲ್ ಸಾಲಿನಲ್ಲಿ ಕೂಟ ಸೇರುತ್ತಿದ್ದ ಬರೂನ್ ಕಣಿವೆಯಲ್ಲಿ ಈಗ ಅಣೆಕಟ್ಟೆಯ ನೀರು ನಿಂತಿದೆ. ಈಚಿನ ವರ್ಷಗಳಲ್ಲಿ ಕಬಿ ಕಬಿ ಜನ ಮತ್ತೆ ಬನ್ಯಾ ಹೆಸರಿನಲ್ಲಿ ಜನರನ್ನು ಸೇರಿಸುತ್ತಿದ್ದಾರೆ. ಅದು ನನಗೆ ಬಹಳ ಸಂತೋಷದ ವಿಷಯ.

ನಾಟಾದ ವಿಷಯ ಚುಟುಕಾಗಿ ಹೇಳಿಬಿಡುತ್ತೇನೆ. ಬನ್ಯಾ ಹಲಗೆ ತಿಳಿ ಬಣ್ಣದ್ದು, ಹಗುರ, ಎಳೆ ನೇರ. ಮನೆಯೊಳಗಿನ ಹಲಗೆ ಕೆಲಸಕ್ಕೆ, ಪ್ಲೈವುಡ್ಡಿಗೆ ಹೋಗುತ್ತಿತ್ತು. ಇವತ್ತು ಅದಕ್ಕೆ ಒಳ್ಳೆಯ ಹೆಸರು ತಂದಿರುವುದು ಗಿಟಾರು. ತಂತಿ ಮೀಟಿದಾಗ ದನಿ ಹೊಮ್ಮುವುದು ಮುಂದಿನ ಹಲಗೆಯಿಂದ. ಅದು ಹಗುರವೂ ಇರಬೇಕು, ತಂತಿಯ ಎಳೆತಕ್ಕೆ ಬಗ್ಗಲೂ ಬಾರದು. ಯುರೋಪಿನಿಂದ, ಅಮೆರಿಕದಿಂದ ಸ್ಪ್ರೂಸ್ ಮರ ತರಿಸುವುದೇ ಮುಂಚಿನ ರೂಢಿ. ಮೆಲ್ಬರ್ನಿನ ಮೇಟನ್ ಮತ್ತು ಕೋಲ್ ಕ್ಲಾರ್ಕ್ ಕಂಪನಿಗಳು ಬನ್ಯಾ ಹಲಗೆ ಹಾಕಿ ಗಿಟಾರು ಮಾಡಿ, ಸ್ಥಳೀಯ ಮರವೂ ಹಾಡುತ್ತದೆ ಅಂತ ತೋರಿಸಿದವು.

ಆದರೆ ನನ್ನ ಕೇಳಿದರೆ, ಬನ್ಯಾ ಮರದ ಬೆಲೆ ಇರುವುದು ಅದು ನಿಂತಿರುವಾಗಲೇ. ಕಡಿದರೆ ಒಂದು ಸಲ ಹಲಗೆ ಸಿಗುತ್ತದೆ. ನಿಂತರೆ ನೂರಾರು ವರ್ಷ ಊಟ. ನೆಟ್ಟ ಮರ ಕಾಯಿ ಬಿಡಲು ಹದಿನೈದು ವರ್ಷವಾದರೂ ಬೇಕು ಅನ್ನುತ್ತಾರೆ. ಹಾಗಾಗಿ ನೆಡುವವರು ಕಡಿಮೆ. ಇರುವ ಮರದ ಕಾಯಿಗಳೂ ಎಷ್ಟೋ ಕಡೆ ಸುಮ್ನೆ ಹುಲ್ಲಿನಲ್ಲಿ ಬಿದ್ದು ಕೊಳೆಯುತ್ತವೆ. ಅದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

ಕ್ವೀನ್ಸ್‌ಲೆಂಡಿನಲ್ಲಿರುವ ಕನ್ನಡದ ಮನೆಗಳಿಗೆ ಅದಕ್ಕೇ ಹೇಳುತ್ತೇನೆ, ಈ ಬೀಜ ನಮ್ಮ ಅಡುಗೆಗೆ ಚೆನ್ನಾಗಿ ಒಗ್ಗುತ್ತದೆ. ರಾಷ್ಟ್ರೀಯ ಉದ್ಯಾನದಿಂದ ಮಾತ್ರ ತರಬೇಡಿ, ಕಾನೂನು ಬಿಡುವುದಿಲ್ಲ. ತೋಟದವರ ಹತ್ತಿರ, ರೈತರ ಸಂತೆಯಲ್ಲಿ, ಹಿತ್ತಲಲ್ಲಿ ಮರ ಇರುವ ನೆರೆಯವರ ಹತ್ತಿರ ಕೇಳಿ. ಕಾಯಿ ಬಿದ್ದ ಎರಡು ಮೂರು ದಿನದಲ್ಲಿ ತಾನೇ ಸಡಿಲವಾಗುತ್ತದೆ, ಆಗ ಬಿಡಿಸುವುದು ಸುಲಭ. ಬೀಜದ ಚಿಪ್ಪು ಬಹಳ ಗಟ್ಟಿ. ಉಪ್ಪು ನೀರಿನಲ್ಲಿ ಅರ್ಧ ಗಂಟೆಗೂ ಜಾಸ್ತಿ ಕುದಿಸಿ, ಬಿಸಿ ಇರುವಾಗಲೇ ಉದ್ದಕ್ಕೆ ಸೀಳಿ. ಆರಿದರೆ ಮತ್ತೆ ಬಿಗಿಯುತ್ತದೆ. ಒಲೆಯಲ್ಲಿ ಸುಡುವುದಾದರೆ ಮೊದಲು ಚಿಪ್ಪಿಗೆ ಒಂದು ಗೀರು ಹಾಕಿ, ಇಲ್ಲದಿದ್ದರೆ ಸಿಡಿಯುತ್ತದೆ. ನಾನು ನುಗ್ಗೆಕಾಯಿ ಜೊತೆ ಹುಳಿಗೆ ಹಾಕುತ್ತೇನೆ. ಸಾಸಿವೆ, ಒಣಮೆಣಸು, ಕಾಯಿತುರಿ ಹಾಕಿ ಪಲ್ಯ ಮಾಡಿದರೂ ಚೆನ್ನ. ಬೇಯಿಸಿ ಒಣಗಿಸಿ ಹಿಟ್ಟು ಮಾಡಿಕೊಂಡರೆ ಅಕ್ಕಿ ಹಿಟ್ಟಿನ ಜೊತೆ ಕಲಸಿ ರೊಟ್ಟಿ ತಟ್ಟಬಹುದು. ಎಣ್ಣೆಯ ಅಂಶ ಇದರಲ್ಲಿ ಕಡಿಮೆ, ಪಿಷ್ಟ ಜಾಸ್ತಿ. ಗೋಧಿಯಲ್ಲಿರುವ ಗ್ಲುಟೆನ್ ಇಲ್ಲ. ಬಿಡಿಸಿದ ಬೀಜ ಫ್ರೀಜರಿನಲ್ಲಿ ತಿಂಗಳುಗಟ್ಟಲೆ ಇರುತ್ತದೆ.

ಕೆಲವು ಬೀಜ ನೆಡಲು ಇಟ್ಟುಕೊಂಡರೆ ಒಂದು ವಿಚಿತ್ರ ನೋಡಬಹುದು. ಬೀಜ ಮೊದಲು ಕೆಳಕ್ಕೆ ಇಳಿಯುತ್ತದೆ. ತನ್ನೊಳಗಿನ ಆಹಾರವನ್ನೆಲ್ಲ ಮಣ್ಣಿನಡಿಯ ಒಂದು ಗೆಡ್ಡೆಗೆ ಸಾಗಿಸುತ್ತದೆ. ಮೇಲೆ ಏನೂ ಕಾಣುವುದಿಲ್ಲ. ಆಮೇಲೆ ಯಾವಾಗಲೋ ಆ ಗೆಡ್ಡೆಯಿಂದ ಚಿಗುರು ಮೇಲೆ ಬರುತ್ತದೆ. ಕೆಲವಕ್ಕೆ ವರ್ಷವೇ ಹಿಡಿಯುತ್ತದೆ. ಸತ್ತಿತು ಅಂತ ಕುಂಡ ಎಸೆಯಬೇಡಿ.

ಕೊನೆಗೆ ಒಂದು ಆತಂಕದ ಮಾತು. ಬನ್ಯಾ ಬೆಟ್ಟಗಳಲ್ಲಿ ಕೆಲವು ಮರಗಳು ಎಲೆ ಹಳದಿಯಾಗಿ, ಉದುರಿ, ನಿಂತಲ್ಲೇ ಸಾಯುತ್ತಿವೆ. ಬೇರಿಗೆ ಬೀಳುವ ಫೈಟಾಫ್ತೊರಾ ಎಂಬ ರೋಗಾಣು ಇದಕ್ಕೆ ಮುಖ್ಯ ಕಾರಣ ಎನ್ನುತ್ತಾರೆ. ಮಲೆನಾಡಿನ ಅಡಿಕೆ ಬೆಳೆಗಾರರಿಗೆ ಈ ಕುಲ ಹೊಸದಲ್ಲ. ಮಳೆಗಾಲದಲ್ಲಿ ಅಡಿಕೆಗೆ ಬರುವ ಕೊಳೆರೋಗ, ಕಾಳುಮೆಣಸಿನ ಬಳ್ಳಿಯನ್ನು ದಿಢೀರನೆ ಒಣಗಿಸುವ ಸೊರಗು ರೋಗ, ಎರಡೂ ಇದೇ ಕುಲದ ಬೇರೆ ಬೇರೆ ಜಾತಿಗಳ ಕೆಲಸ. ಅಡಿಕೆಗೆ ಬೋರ್ಡೋ ದ್ರಾವಣ ಹೊಡೆದು ಕಾಯಬಹುದು. ಬೆಟ್ಟದ ತುಂಬ ಇರುವ 40 ಮೀಟರ್ ಎತ್ತರದ ಮರಗಳ ಬೇರಿಗೆ ಏನು ಹೊಡೆಯುವುದು? ರೋಗಾಣು ಹೊಸ ಜಾಗಕ್ಕೆ ಹೋಗದಂತೆ ತಡೆಯುವುದೇ ಇರುವ ದೊಡ್ಡ ದಾರಿ. ಅದು ಹೋಗುವುದು ಒದ್ದೆ ಮಣ್ಣಿನ ಜೊತೆ. ಕಾಡುಹಂದಿಯ ಕಾಲಿಗೆ, ವಾಹನದ ಚಕ್ರಕ್ಕೆ, ನಮ್ಮ ಬೂಟಿನ ಅಡಿಗೆ ಅಂಟಿಕೊಂಡು.

ಆದ್ದರಿಂದ ಬನ್ಯಾ ಬೆಟ್ಟಕ್ಕೆ ಹೋಗುವವರು ಮನೆಯಿಂದ ಹೊರಡುವಾಗಲೇ ಬೂಟನ್ನು ಉಜ್ಜಿ ತೊಳೆದು ಒಣಗಿಸಿಕೊಳ್ಳಿ. ದಾರಿ ಬಿಟ್ಟು ಮರದ ಬುಡಕ್ಕೆ ಹೋಗಬೇಡಿ. ಒಂದು ಕಾಡುದಾರಿ ಮುಗಿಸಿ ಇನ್ನೊಂದಕ್ಕೆ ಕಾಲಿಡುವ ಮುಂಚೆ ಅಡಿಯ ಮಣ್ಣನ್ನೆಲ್ಲ ಬ್ರಷ್ಷಿನಿಂದ ಕೆರೆದು ತೆಗೆಯಿರಿ. ಮಕ್ಕಳ ಬೂಟನ್ನೂ ಮರೆಯಬೇಡಿ. ನಮಸ್ಕಾರ.